ವಾಲಿದ ಅಕ್ಷರಗಳ ಕಾಟ

ಅಕ್ಷರಕ್ಕೆ ಜೀವ ಇಲ್ಲ ಅನ್ನುವವರು ದಾಂಡೇಲಿಯ ನಮ್ಮ ಫ್ಲೆಕ್ಸ್ ಅಂಗಡಿಗೆ ಬಂದು ಕೂತು ನೋಡಬೇಕು. ಹತ್ತನೇ ಇಯತ್ತೆಯಲ್ಲಿ ಶಾಲೆ ನನ್ನ ಕೈಬಿಟ್ಟಿತು, ಕೈವಾರ ಮಾತ್ರ ಬಿಡಲಿಲ್ಲ. ಅದರಿಂದಲೇ ಒಂದು ಫಾಂಟ್ ಮಾಡಿದೆ. ಠ ಅಂದರೆ ಚಂದ್ರನಷ್ಟು ದುಂಡು. ಗೆರೆಯೆಲ್ಲ ಒಂದೇ ದಪ್ಪ, ಬಾಲ ಇಲ್ಲ, ಬಳುಕು ಇಲ್ಲ. ಎಲ್ಲವನ್ನೂ ಬಲಕ್ಕೆ ಹತ್ತು ಡಿಗ್ರಿ ವಾಲಿಸಿದೆ. ನಾನು ಹುಟ್ಟಿ ಮಾಡಿದ್ದು ಅದೊಂದೇ.

ಮಾಲಕರು ನೋಡಿ ಹಿಂದೆ ಸರಿದರು. "ಇವಕ್ಕ ಗಾಳಿ ಬಡದೈತೇನೋ? ಮೂರು ತಕರಾರು ಬರ್ಲಿ, ಅಳಸಿ ಒಗಿತೇನಿ."

ಓಡುವ ಅಜ್ಜ

ಸಾಂಬ್ರಾಣಿಯ ಅಜ್ಜನೊಬ್ಬ ಲಿಂಗೈಕ್ಯನಾದ. ಶ್ರದ್ಧಾಂಜಲಿ ಬ್ಯಾನರಿಗೆ ನನ್ನ ಫಾಂಟೇ ಹಾಕಿದೆ. ಅಂಗಳದಲ್ಲಿ ಕಟ್ಟಿದಾಗ ಅಕ್ಷರಗಳೆಲ್ಲ ಮನೆಬಾಗಿಲ ಕಡೆಗೇ ಬಾಗಿದ್ದವು. ಫೋಟೋದ ಅಜ್ಜನ ಕಣ್ಣೂ ಅತ್ತಲೇ. ಬಂದವರೆಲ್ಲ ಬಾಗಿಲಿಂದ ದೂರ ಸರಿದರು. ಅಜ್ಜಿ ಮಾತ್ರ ನನ್ನ ಕಿವಿ ಹಿಡಿದಳು:

"ಏ ಹುಡುಗಾ, ಈಗಷ್ಟ ಕುಂದರ್ಸಿ ಮಣ್ಣ ಮಾಡಿ ಬಂದೇವಿ. ನೀ ಎಬ್ಬಿಸಿ ಮನಿ ಕಡೆ ಓಡಸಾಕತ್ತೀಯಲ್ಲೋ!"

ನಿಧಾನವಾಗಿ ಹೋಗಿ

ಅಣಶಿಯ ಹೋಂಸ್ಟೇದವರು ಬೋರ್ಡು ಮಾಡಿಸಿದರು: "ನಿಧಾನವಾಗಿ ಹೋಗಿ, ಹುಲಿ ದಾಟುವ ಜಾಗ." ಮಂಜಿನೊಳಗೆ ಕಪ್ಪು ಬೋರ್ಡು ಕಾಣುವುದಿಲ್ಲ, ಬಿಳಿ ಅಕ್ಷರ ಮಾತ್ರ ತೇಲುತ್ತವೆ. ಏನೋ ಹಿಂದಿನಿಂದ ಅಟ್ಟಿಸಿಕೊಂಡು ಬಂದ ಹಾಗೆ ಮುಂದಕ್ಕೆ ಬಾಗಿ. ನಾನೇ ಬರೆದದ್ದು, ನಿಲ್ಲಿಸಲು ಹೋದ ನಾನೇ ಹಿಂದೆ ತಿರುಗಿ ನೋಡಿದೆ. ಗಾಳಿಯಿಲ್ಲ, ಒಂದು ಟೊಂಗೆ ಅಲ್ಲಾಡುತ್ತಿತ್ತು.

ಬೋರ್ಡು ಕಂಡ ಗಾಡಿಗಳೆಲ್ಲ ವೇಗ ಹೆಚ್ಚಿಸಿದವು. ಹೋಂಸ್ಟೇದವರು ಫೋನಿನಲ್ಲಿ ಕೂಗಿದರು: "ಅಕ್ಷರಾನ ಹುಲಿ ಕಂಡು ಓಡಾಕತ್ತಾವು, ಮಂದಿ ನಿಲ್ತಾರೇನ್ರಿ?"

ಬಾಡಿಗೆ ಮನೆ

ಮೂರನೇ ತಕರಾರೂ ಫೋನಿನಲ್ಲೇ ಬಂತು, ಹಳೇ ಹಂಚಿನ ಮನೆಯ ಒಡತಿ ಮೌಶಿಯದು. ಪಡಸಾಲೆಯ ಕಂಬಕ್ಕೆ "ಮನೆ ಬಾಡಿಗೆಗೆ ಇದೆ" ಅಂತ ನಮ್ಮ ಬೋರ್ಡು ಹೊಡೆಸಿದ್ದಳು. "ಅಕ್ಷರ ದಿನಾ ಹೆಚ್ಚೆಚ್ಚು ವಾಲಾಕತ್ತಾವ್ರಿ! ನನಗ ಅಂಜಿಕಿ ಬರತೈತಿ."

ಮಾಲಕರ ಕೈ ಕಂಪ್ಯೂಟರಿನ ಮೌಸಿಗೆ ಹೋಯಿತು. "ಮುಗೀತು ನಿನ್ನ ಫಾಂಟು."

"ಅಣ್ಣಾರ, ಕಾಲ ಬೀಳ್ತೇನ್ರಿ. ಒಮ್ಮೆ ನೋಡಿ ಬರೂಣು."

ಹೋಗಿ ಕೋನಮಾಪಕ ಹಿಡಿದೆ. ಹದಿನಾರು ಡಿಗ್ರಿ! ನಾನು ಕೊಟ್ಟಿದ್ದು ಹತ್ತೇ. ಮಾಲಕರು "ಶಿವ ಶಿವಾ" ಅನ್ನುತ್ತ ನನ್ನ ಹಿಂದೆ ಅಡಗಿದರು. ಒಳಗೆ ಯಾರೂ ಇಲ್ಲ, ಆದರೂ ಕರ್ರ್ ಅಂತ ಸಪ್ಪಳ. ದಾರಕ್ಕೆ ಕಲ್ಲು ಕಟ್ಟಿ ಕಂಬದ ಪಕ್ಕ ಇಳಿಬಿಟ್ಟೆ.

"ಅಣ್ಣಾರ, ವಾಲಿದ್ದು ಅಕ್ಷರ ಅಲ್ರಿ, ಕಂಬ! ಓಡ್ರಿ!"

ಮೌಶಿಯ ಕೈ ಹಿಡಿದು ಎಳೆದೆ. ಅಂಗಳ ದಾಟುವುದಕ್ಕೂ ಮಾಡು ಧಡಲ್ ಅಂತ ಕೂರುವುದಕ್ಕೂ ಸರಿಹೋಯಿತು. ಧೂಳಿನೊಳಗೆ ಮೌಶಿಯ ಫೋನು ಹೊಡೆದುಕೊಂಡಿತು. ಯಾರೋ ಕೇಳಿದರು, "ಮನಿ ಖಾಲಿ ಐತೇನ್ರಿ?"

"ಈಗ ಪೂರಾ ಖಾಲಿ ಆತು ನೋಡಪಾ!"

ಅಂಗಡಿಗೆ ಬಂದರೆ ಮಾಲಕರು ಒಳಗೆ ಕಾಲಿಡಲೊಲ್ಲರು. ಬಾಗಿಲ ಕಂಬಕ್ಕೆ ಹೊಡೆದ, ನನ್ನ ಫಾಂಟಿನ ನಮ್ಮ ಬೋರ್ಡು ನೋಡುತ್ತ ಬೀದಿಯಲ್ಲೇ ನಿಂತರು.

"ಅಣ್ಣಾರ, ಫಾಂಟ್ ಅಳಸೂದೇನ್ರಿ?"

"ಅಳಸೂದು ಸಾಯ್ಲಿ, ಮೊದಲ ಕೋನಮಾಪಕ ಹಿಡದು ಈ ಕಂಬ ಅಳಿಯೋ!"