ಮೇಲಿನ ಸಾಲಿನ ಗಾಯಕಿ

“ಇನ್ನು ಮೂರು ವಾರಕ್ಕೆ ಬರೋ ಭಾನುವಾರ ಮೇಲಿನ ಷಡ್ಜ ಹಿಡಿದು ಪ್ರಾರ್ಥನಾ ಮಂದಿರದ ಸೂರು ಹಾರಿಸದಿದ್ರೆ ನನ್ನನ್ನ ಕೇಳಿ!” ಎಂದು ರೇಡಿಯೋ ರಿಪೇರಿಯವನ ಹೆಂಡತಿ ಅಡುಗೆಮನೆಯಿಂದಲೇ ಘೋಷಿಸಿದಳು.

ಮಂದಿರದ ಮೇಳದಲ್ಲಿ ಗುಂಪಿನ ನಡುವೆ ನಿಂತು ಹಾಡಿ ಅವಳಿಗೆ ಸಾಕಾಗಿತ್ತು. ಈ ಸಲದ ಹಾಡಿನಲ್ಲಿ ಮುಗಿಲು ಮುಟ್ಟುವ ಸಾಲೊಂದನ್ನು ಒಬ್ಬರೇ ಹಾಡಬೇಕು. ಯಾರು ಎಂಬುದು ಆ ಭಾನುವಾರ ತೀರ್ಮಾನ. ಒಂದು ಸಾಲನ್ನಾದರೂ ತಾನೊಬ್ಬಳೇ ದೇವರಿಗೆ ಒಪ್ಪಿಸಬೇಕೆಂಬುದು ಅವಳ ಬಹುದಿನದ ಆಸೆ. ದೇವರ ಜೊತೆಗೆ ಪಕ್ಕದ ಮನೆಯ ದರ್ಜಿಯ ಹೆಂಡತಿಯೂ ಕೇಳಿಸಿಕೊಂಡರೆ ಅವಳ ಆಕ್ಷೇಪಣೆ ಏನೂ ಇರಲಿಲ್ಲ.

ಸಂಗೀತದ ಟೀಚರ್ ಮೊದಲೇ ಎಚ್ಚರಿಸಿದ್ದರು. “ಅವಸರ ಬೇಡಮ್ಮ. ಗಂಟಲು ಬಿಗೀತು ಅಂದ ಕೂಡಲೇ ಕೆಳಗಿಳೀರಿ. ದಿನಕ್ಕೆ ಕೂದಲೆಳೆಯಷ್ಟು ಏರಿದ್ರೂ ಸಾಕು.”

ಕೂದಲೆಳೆಯಂತೆ! ಆ ಲೆಕ್ಕದಲ್ಲಿ ಹೋದರೆ ಷಡ್ಜ ಸಿಗುವಷ್ಟರಲ್ಲಿ ಹಲ್ಲು ಇರುವುದಿಲ್ಲ. ಅವಳು ಶ್ರುತಿಪೆಟ್ಟಿಗೆ ಹಾಕಿ, ಮುಷ್ಟಿ ಬಿಗಿದು, ಸ್ವರ ಅಟ್ಟದ ಮೇಲಿದೆಯೇನೋ ಎಂಬಂತೆ ತುದಿಗಾಲಲ್ಲಿ ನಿಂತು ದನಿ ಏರಿಸಿದಳು. ಮೆಟ್ಟಿಲ ಮೇಲೆ ಮಲಗಿದ್ದ ಬೆಕ್ಕು ಅಂದೇ ವಿಳಾಸ ಬದಲಿಸಿತು.

ಮರುದಿನ ಅವಳ ಬಾಯಿಂದ ತಗಡು ಎಳೆದ ಸದ್ದು ಬಂತು.

“ಏನೇ ಇದು? ಮರಳು ನುಂಗಿದೀಯಾ?” ಎಂದ ಗಂಡ.

“ಸಾಧನೆ ರೀ, ಸಾಧನೆ! ನಿಮಗೆಲ್ಲಿ ಗೊತ್ತಾಗುತ್ತೆ?”

“ಎರಡು ದಿನ ಗಂಟಲಿಗೆ ರಜಾ ಕೊಡು.”

“ನಾನು ರಜಾ ಕೊಟ್ರೆ ಸಾಲು ದರ್ಜಿ ಹೆಂಡ್ತಿ ಪಾಲು!”

ಗಂಡ ಶ್ರುತಿಪೆಟ್ಟಿಗೆ ಗೊರಗೊರ ಅನ್ನುತ್ತಿದೆ ಎಂದು ಅದನ್ನು ಅಂಗಡಿಗೆ ಒಯ್ದು, ಎರಡು ದಿನ ಬಿಟ್ಟು ತಂದಿಟ್ಟ. ಆಮೇಲೆ ದಿನಾ ಬೆಳಿಗ್ಗೆ ಅದರ ಹಿಂಬದಿ ಬಿಚ್ಚಿ ಧೂಳು ಒರೆಸುವುದು ಅವನ ಹೊಸ ಅಭ್ಯಾಸವಾಯಿತು.

ಆಗ ನಡೆಯಿತು ಪವಾಡ! ಷಡ್ಜ ದಿನದಿಂದ ದಿನಕ್ಕೆ ಹತ್ತಿರ ಬಂತು. ಕೊನೆಯ ಶನಿವಾರದ ಹೊತ್ತಿಗೆ ಬಟ್ಟೆ ಮಡಚುತ್ತಲೇ ಅದನ್ನು ಹಿಡಿದಳು. ನೋವಿಲ್ಲ, ಬಿಗಿತವಿಲ್ಲ. ಅವಳು ದೇವರಿಗೆ ಕೈಮುಗಿದಳು; ಗಂಡ ಯಾಕೋ ನೆಲ ನೋಡಿದ.

ಭಾನುವಾರ ಟೀಚರ್ ಹಾರ್ಮೋನಿಯಂ ಒತ್ತಿದರು. ಅವಳು ಕಣ್ಣು ಮುಚ್ಚಿ ತನ್ನ ಷಡ್ಜವನ್ನು ಗಂಭೀರವಾಗಿ ಬಿಟ್ಟಳು. ಹಾರ್ಮೋನಿಯಂ ಒಂದು ಕಡೆ, ಅವಳು ಒಂದು ಕಡೆ.

“ಟೀಚರ್, ನಿಮ್ಮ ಪೆಟ್ಟಿಗೆ ಕೆಟ್ಟಿದೆ. ನಮ್ಮೋರ ಹತ್ರ ಕೊಡಿ, ರಿಪೇರಿ ಮಾಡ್ತಾರೆ.”

ಹಿಂದಿನ ಸಾಲಿನಲ್ಲಿ ಗಂಡಸರ ಜೊತೆ ನಿಂತಿದ್ದ ‘ನಮ್ಮೋರು’ ಕೆಮ್ಮಿದರು. “ಪೆಟ್ಟಿಗೆ ಸರಿ ಇದೆ ಟೀಚರ್. ನಮ್ಮನೆ ಪೆಟ್ಟಿಗೆ ಶ್ರುತೀನೇ ದಿನಾ ಸ್ವಲ್ಪ ಸ್ವಲ್ಪ ಇಳಿಸ್ತಾ ಬಂದೆ. ಇಲ್ಲದಿದ್ರೆ ಇವಳು ಗಂಟಲು ಹರ್ಕೊಳ್ತಿದ್ದಳು.”

“ರೀ!” ಎಂದಳು. ಆ ‘ರೀ’ ಮಾತ್ರ ನಿಜವಾದ ಮೇಲಿನ ಷಡ್ಜದ ಹತ್ತಿರ ಹೋಗಿತ್ತು.

ಟೀಚರ್ ನಗಲಿಲ್ಲ. ಅವಳ ದನಿಯನ್ನು ಮೆಲ್ಲಗೆ ಒಂದೊಂದೇ ಸ್ವರ ಕೆಳಗಿಳಿಸಿ ನೋಡಿದರು. ದನಿ ಇಳಿಯಿತು, ಇನ್ನೂ ಇಳಿಯಿತು, ತುಂಬಿದ ಕೊಡದ ಹಾಗೆ ನಿಂತಿತು.

“ಅಯ್ಯೋ, ನೀವು ಮೇಲೆ ಹೋಗಿಲ್ಲ ಕಣಮ್ಮ, ಕೆಳಗೆ ಬೆಳೆದಿದ್ದೀರಿ! ಅದೂ ಒಂಚೂರೂ ಕಿರುಚದೆ. ಕೆಳಗಿನ ಸ್ವರದ ಸಾಲಿಗೆ ಗಂಡಸರ ದನಿ ಸಾಲ್ತಿಲ್ಲ ಅಂತ ಒದ್ದಾಡ್ತಿದ್ದೆ. ಅವರ ಜೊತೆ ನಿಂತ್ಕೊಳ್ಳಿ. ಮೇಲಿನದಕ್ಕೂ ಹೀಗೇ ನಿಧಾನವಾಗಿ ಹೋಗೋಣ.”

ಮುಗಿಲ ಸಾಲು ದರ್ಜಿಯ ಹೆಂಡತಿಗೆ ಹೋಯಿತು. ಸೂರು ಹಾರಿಸಲು ಬಂದವಳು ಮೀಸೆಗಳ ನಡುವೆ, ಗಂಡನ ಪಕ್ಕದಲ್ಲೇ ನಿಂತಳು.

“ಗಂಟಲು ನೋಯ್ತಿದೆಯೇನೇ?” ಅವನು ಪಿಸುಗುಟ್ಟಿದ.

ಅವಳು ಉಗುಳು ನುಂಗಿ ನೋಡಿದಳು. ಎದುರಿಗೆ ದೇವರಿದ್ದ, ಸುಳ್ಳು ಹೇಳುವಂತಿರಲಿಲ್ಲ.

“ಇಲ್ಲ,” ಎಂದಳು, ಹಲ್ಲು ಕಚ್ಚಿಕೊಂಡು.