ಉಲೂಕ ಸಂಗ್ರಾಮ

ಗುರುವಿನ ಪಾದಕ್ಕೆ ಶರಣೆಂದು, ಲಕ್ಷ್ಮೀದೇವಿಯನ್ನೇ ಹೊತ್ತು ತಿರುಗಿದರೂ ಜನರ ಬಾಯಲ್ಲಿ ಬೈಗುಳವಾಗಿಯೇ ಉಳಿದ ಗೂಬೆಗೆ ಕೈಮುಗಿದು ಕೇಳಿರಿ. ಕಲಿಯುಗದಲ್ಲಿ, ಪಾಳುಕೋಟೆಯನ್ನೇ ಕಿರೀಟವಾಗಿ ಧರಿಸಿದ ಹಿರೇಬನ್ನಿ ಗ್ರಾಮದಲ್ಲಿ, ಕಠಿನರೊಟ್ಟಿಭಂಜಕನೂ ಒಗ್ಗರಣೆಧೂಮಸಹಿಷ್ಣುವೂ ಆದ ಗುರುಸಿದ್ದಪ್ಪನೆಂಬ ವೀರನಿದ್ದನು. ಪತ್ನಿ ಶಿವನ ಪಾದ ಸೇರಿದಂದಿನಿಂದ ತಾನೇ ರೊಟ್ಟಿ ಬಡಿದು ಒಬ್ಬನೇ ಉಣ್ಣುತ್ತಿದ್ದನು. ಮೂರು ಲೋಕದಲ್ಲಿ ಅವನು ಅಂಜುತ್ತಿದ್ದುದು ಆ ಒಂಟಿ ಊಟವೊಂದಕ್ಕೇ.

ಅವನ ಹಿತ್ತಿಲಿಗೂ ನೆರೆಯ ಚನ್ನಬಸಪ್ಪನ ಹಿತ್ತಿಲಿಗೂ ನಡುವಿನ ಗೋಡೆಯನ್ನು ಸೀಳಿ ಬೆಳೆದ ಹುಣಸೆಮರದ ಪೊಟರೆಯಲ್ಲಿ ಒಂದು ಗೂಬೆ. ಅಪಶಕುನವೆಂದು ಅದನ್ನು ಇಬ್ಬರೂ ಒಬ್ಬರ ಮೇಲೊಬ್ಬರು ಕೂರಿಸುತ್ತ ಬಂದಿದ್ದರು. ಎಮ್ಮೆ ಬತ್ತಿದರೂ ಮಾಳಿಗೆ ಸೋರಿದರೂ “ನಿನ್ನ ಗೂಬಿ ಮಾಡಿದ್ದು” ಎಂಬ ಬಾಣ ಗೋಡೆ ದಾಟುತ್ತಿತ್ತು.

ಹೀಗಿರಲು ಪ್ರವಾಸೋದ್ಯಮ ಇಲಾಖೆಯ ಹೆಣ್ಣುಮಗಳೊಬ್ಬಳು ಬಂದು, ಕೋಟೆ ನೋಡುವವರು ಫೋಟೋ ಹೊಡೆದು ಹೊರಟುಬಿಡುತ್ತಾರೆ, ಗೂಬೆ ನೋಡುವವರ ಜಾತಿಯೇ ಬೇರೆ, ಅವರು ಕಾಯುತ್ತಾರೆ, ಊರಲ್ಲೇ ಉಂಡು ಮಲಗುತ್ತಾರೆ, ಗೂಬೆ ಯಾರದೋ, ಅತಿಥಿಗಳೂ ಅವರಿಗೇ ಎಂದು ಸಾರಿದಳು. ಅಂದೇ ಅಪಶಕುನವು ಕುಲದೇವತೆಯಾಯಿತು.

ಮೊದಲ ಅತಿಥಿಗಳ ವ್ಯಾನು ಮುಸ್ಸಂಜೆಗೆ ಹಿತ್ತಿಲುಗಳ ಬದಿಗೆ ಬಂದು ನಿಂತಿತು. ಮಧ್ಯಾಹ್ನದಿಂದಲೇ ರೊಟ್ಟಿಯ ಗೋಪುರ ಕಟ್ಟಿದ್ದ ಗುರುಸಿದ್ದಪ್ಪನು ಹಿಟ್ಟುಲಿಪ್ತಬಾಹುವಾಗಿ ಮುನ್ನುಗ್ಗಿದನು. ಹುಣಸೆ ಬಡಿಯುವ ಗಳವನ್ನೇ ಗದೆಯಾಗಿ ಹಿಡಿದು ಚನ್ನಬಸಪ್ಪನು ಗೋಡೆಯಾಚೆಯಿಂದ ಎದುರಾದನು.

“ಕೇಳಪಾ ಚನ್ನಬಸು, ಪೊಟರಿ ಬಾಯಿ ನನ್ನ ಕಡಿಗೈತಿ. ಮುತ್ಯಾನ ಕಾಲದಿಂದ ಈ ಗೂಬಿ ನಮ್ಮನಿ ಮಗಳಿದ್ದಂಗ.”

“ಬಾಲ ನನ್ನ ಕಡಿಗೈತಿ. ಮೊನ್ನಿತನಾ ನಿಮ್ಮ ಮಗಳಿಗೆ ಕಲ್ಲು ಒಗಿತಿದ್ದೆಲ್ಲೋ.”

“ತವರಿನವ್ರು ಬುದ್ಧಿ ಹೇಳಬಾರದೇನು?”

ಆಮೇಲೆ ಅವರವರ ಪೂರ್ವಜರೂ ಎಮ್ಮೆಗಳೂ ಯುದ್ಧಕ್ಕಿಳಿದವು. ಆ ಘನಘೋರ ಗರ್ಜನೆಗೆ ಬೆದರಿದ ಗೂಬೆಯು ವೇಳೆಗೆ ಮುಂಚೆಯೇ ಪೊಟರೆ ಬಿಟ್ಟು ಹಾರಿ, ಎರಡು ಸುತ್ತು ಹೊಡೆದು, ಅತಿಥಿಗಳ ವ್ಯಾನಿನ ನೆತ್ತಿಯ ಮೇಲೆ ಕುಳಿತಿತು.

ಗಳ ಕೆಳಗಿಳಿಯಿತು. ಶತ್ರುಗಳಿಬ್ಬರೂ ಅತಿಥಿಗಳಿಗೆ ಕೈಮುಗಿದು, ಒಂದೇ ಕೊರಳಲ್ಲಿ, “ನಾವು ಕೂಡ್ರಿಸಿದ್ದಲ್ರೀ” ಎಂದರು.

ಅತಿಥಿಗಳಿಗೋ ಪರಮಾನಂದ. ಕಾಯದೆಯೇ ಕಂಡಿತಲ್ಲ. ಕಣ್ತುಂಬ ನೋಡಿದರು, ಫೋಟೋ ಹೊಡೆದರು, ಕೋಟೆ ನೋಡಲು ಬಂದವರಂತೆಯೇ ಹೊರಟೂಹೋದರು.

ಧೂಳು ಇಳಿಯಿತು. ರೊಟ್ಟಿಯ ಗೋಪುರ ಹಾಗೆಯೇ ಇತ್ತು. ಗುರುಸಿದ್ದಪ್ಪನು ಅದನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದನು.

“ಚನ್ನಬಸು, ಸುತ್ತು ಹಾಕ್ಕೊಂಡು ಬಾ. ರೊಟ್ಟಿ ಆರಾಕತ್ತಾವ.”

ಚನ್ನಬಸಪ್ಪನು ಗಳ ಒರಗಿಸಿ, ಶೇಂಗಾ ಚಟ್ನಿಯ ಡಬ್ಬಿಯೊಡನೆ ಬಂದನು. ಉಣ್ಣುತ್ತಿರುವಾಗ ಮರದಲ್ಲಿ ರೆಕ್ಕೆ ಸದ್ದಾಯಿತು.

“ನಿನ್ನ ಗೂಬಿ ಬಂತು ನೋಡು.”

“ನಂದಲ್ಲಪಾ, ನಿಂದು” ಎಂದು ಗುರುಸಿದ್ದಪ್ಪನು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದನು.