ಫೋಟೋಗ್ರಾಫರ ಕತ್ತಿನ ನರುಲಿ

ಮೂವತ್ತು ವರ್ಷಗಳಲ್ಲಿ ಊರಿನ ಅರ್ಧ ಜನರ ಮಚ್ಚೆ, ಮೊಡವೆ, ನರುಲಿಗಳನ್ನು ಒಂದು ತೊಟ್ಟು ರಕ್ತ ಬಾರದಂತೆ ಕಿತ್ತೆಸೆದ ಮಹಾಪುರುಷರು ನಮ್ಮ ಫೋಟೋಗ್ರಾಫರು. ಕಿತ್ತದ್ದೆಲ್ಲ ಫೋಟೋದಲ್ಲಿ, ಅಷ್ಟೆ. ಅವರದೇ ಕತ್ತಿನಲ್ಲಿ, ಕಿವಿಯ ಕೆಳಗೆ, ಮೆಣಸಿನ ಕಾಳಿನಷ್ಟು ನರುಲಿಯೊಂದು ಹಾಯಾಗಿ ಸಂಸಾರ ಹೂಡಿತ್ತು. ಕ್ಯಾಮೆರಾದ ಬೆಲ್ಟು ಉಜ್ಜಿ ಎರಡು ಸಲ ರಕ್ತ ಬಂದ ಮೇಲೆ ಅವರು ಹೆಂಡತಿಯ ಮುಂದೆ ಘೋರ ಪ್ರತಿಜ್ಞೆ ಮಾಡಿದರು.

“ನಾಳೆನೇ ತೆಗೆಸಿಬಿಡ್ತೀನಿ. ಇದು ಇದ್ದು ಯಾರನ್ನ ಉದ್ಧಾರ ಮಾಡ್ಬೇಕು?”

“ಪುಟ್ಟಿನ ಒಂದು ಮಾತು ಕೇಳಿ.”

ಎರಡೂವರೆ ವರ್ಷದ ಮೊಮ್ಮಗಳ ಅಪ್ಪಣೆ ಬೇರೆ ಬೇಕೇ ಎಂದು ನಕ್ಕು ಹೋದರು.

ಡಾಕ್ಟರು ಅಷ್ಟು ಜಾಗ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕಾಲು ಗಂಟೆಯಲ್ಲಿ ಕೆಲಸ ಮುಗಿಸಿ, ಎರಡು ಹೊಲಿಗೆ ಹಾಕಿ ಕಳಿಸಿದರು.

“ನೋವಿದ್ಯಾ?” ಎಂದರು ಹೆಂಡತಿ.

“ನೋವಾ! ನನ್ನ ಹತ್ರ ಬರೋಕೆ ಅದಕ್ಕೆ ಧೈರ್ಯ ಬೇಕಲ್ಲ!”

ಎರಡು ಗಂಟೆ ಕಳೆಯುವುದರೊಳಗೆ ಅದಕ್ಕೆ ಧೈರ್ಯ ಬಂತು. ಗಡಿಯಾರ ನೋಡಬೇಕಾದರೂ ವೀರರು ಕುರ್ಚಿಯ ಸಮೇತ ತಿರುಗಬೇಕಾಯಿತು.

ಅಷ್ಟರಲ್ಲಿ ಮಗಳು ಪುಟ್ಟಿಯನ್ನು ಬಿಟ್ಟು ಕೆಲಸಕ್ಕೆ ಹೋದಳು. ಊಟವಾದ ಮೇಲೆ ತಾತನ ಹೆಗಲಿಗೊರಗಿ, ನರುಲಿಯನ್ನು ಎರಡು ಬೆರಳಲ್ಲಿ ಹೊರಳಿಸುತ್ತ ನಿದ್ದೆ ಹೋಗುವುದು ಪುಟ್ಟಿಯ ದಿನಚರಿ. ಆ ಅರ್ಧ ಗಂಟೆಗಾಗಿಯೇ ತಾತ ದಿನಾ ಸ್ಟುಡಿಯೋ ಬಾಗಿಲು ಹಾಕಿ ಮನೆಗೆ ಓಡಿ ಬರುತ್ತಿದ್ದುದು. ಇವತ್ತೂ ಬೆರಳುಗಳು ಹುಡುಕಿದವು. ಸಿಕ್ಕಿದ್ದು ಬ್ಯಾಂಡೇಜು.

“ತಾತ, ಎಲ್ಲಿ?”

“ಡಾಕ್ಟರ್ ತೆಗೆದ್ರು ಪುಟ್ಟಿ.”

“ಇಸ್ಕೊಂಡು ಬಾ.”

ಎಲ್ಲಿಂದ ಇಸ್ಕೊಂಡು ಬರುವುದು? ಪುಟ್ಟಿ ಮನೆ ಹಾರಿಹೋಗುವಂತೆ ಅತ್ತಳು. ಫೋಟೋದಲ್ಲಾದರೂ ತೋರಿಸಿ ಸಮಾಧಾನ ಮಾಡೋಣವೆಂದು ತಾತ ಆಲ್ಬಮ್ಮುಗಳನ್ನೆಲ್ಲ ಹರವಿ ಕೂತರು. ಮದುವೆಯದು, ಮಗಳ ನಾಮಕರಣದ್ದು, ಪುಟ್ಟಿಯನ್ನು ಮೊದಲ ಸಲ ಎತ್ತಿಕೊಂಡದ್ದು. ಒಂದರಲ್ಲೂ ನರುಲಿಯಿಲ್ಲ. ಎಲ್ಲದರಲ್ಲೂ ಅದನ್ನು ಅವರೇ ಕೈಯಾರೆ ನುಣ್ಣಗೆ ಅಳಿಸಿಟ್ಟಿದ್ದರು. ಇಂಥ ಕೆಲಸ ಮಾಡಿಕೊಂಡೆನಲ್ಲ ಎಂದು ಆಲ್ಬಮ್ಮುಗಳನ್ನು ಒಂದೊಂದಾಗಿ ಮುಚ್ಚಿಟ್ಟರು. ಕೊನೆಗೆ ಪುಟ್ಟಿ ಅಜ್ಜಿಯ ಹೆಗಲೇರಿ, ಅವರ ಕಿವಿಯೋಲೆ ಹಿಡಿದು ಮಲಗಿದಳು.

ಹೊಲಿಗೆ ಬಿಚ್ಚಿಸಿಕೊಂಡ ದಿನ ಡಾಕ್ಟರು, “ಗುರುತೇ ಉಳಿದಿಲ್ಲ ನೋಡಿ” ಎಂದು ಹೆಮ್ಮೆಪಟ್ಟರು. ತಾತ ಓಡೋಡಿ ಬಂದು ಹೆಗಲು ಬಗ್ಗಿಸಿದರು.

“ಬಾ ಪುಟ್ಟಿ, ಇನ್ನು ಮುಟ್ಟಬಹುದು.”

ಪುಟ್ಟಿ ಕತ್ತಿನ ಉದ್ದಕ್ಕೂ ಒಮ್ಮೆ ಕೈಯಾಡಿಸಿದಳು.

“ಇಲ್ಲೇನೂ ಇಲ್ಲ,” ಎಂದು ಅಜ್ಜಿಯ ಕಡೆ ಕೈ ಚಾಚಿದಳು.

“ಬಿಡಿ, ಸಣ್ಣ ಮಗು. ಅಭ್ಯಾಸ ಆಗುತ್ತೆ,” ಎಂದರು ಹೆಂಡತಿ, ಅವಳನ್ನು ತಟ್ಟುತ್ತ.

“ಅವಳಿಗೆ ಆಗುತ್ತೆ ಕಣೇ. ನನಗೆ?”

ಹೆಂಡತಿ ಪುಟ್ಟಿಯನ್ನು ಒಂದು ಹೆಗಲಿಗೆ ಸರಿಸಿಕೊಂಡರು.

“ನನ್ನ ಇನ್ನೊಂದು ಹೆಗಲು ಖಾಲಿ ಇದೆ,” ಎಂದರು. “ಓಲೆ ಮಾತ್ರ ಎಳೀಬೇಡಿ.”